ಡಚ್ಚರ ‘ಕೆರ್ಕ್’ ಪದದ ವಂಶಾವಳಿ: ಮೂಲ ಗ್ರೀಕ್ ಎನ್ನುತ್ತಾರೆ, ಆದರೆ ಬಂದ ದಾರಿ ಯಾವುದು?

ಪದಸಂಚಾರಿ:

ವೇದಿಕೆಯ ಸದಸ್ಯರೆಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ನೆದರ್‌ಲ್ಯಾಂಡ್ಸ್‌ನಲ್ಲಿರುವ ನಾನು ಡಚ್ ಭಾಷೆಯನ್ನು ಕಲಿಯುತ್ತಿದ್ದೇನೆ. ಕ್ರೈಸ್ತರ ಆರಾಧನಾ ಮಂದಿರಕ್ಕೂ ಅವರ ಧಾರ್ಮಿಕ ಸಂಸ್ಥೆಗೂ ಆ ಭಾಷೆಯಲ್ಲಿ ‘ಕೆರ್ಕ್’ ಎಂಬ ಒಂದೇ ಪದವಿದೆ. ಇದು ಇಂಗ್ಲಿಷಿನ ‘ಚರ್ಚ್’, ಸ್ಕಾಟ್ಲೆಂಡಿನ ‘ಕರ್ಕ್’, ಡೇನಿಷಿನ ‘ಕಿರ್ಕೆ’ ಪದಗಳ ಒಡಹುಟ್ಟು ಎಂಬುದು ನೋಡಿದೊಡನೆ ತಿಳಿಯುತ್ತದೆ. ಇವೆಲ್ಲದರ ಮೂಲ ‘ಒಡೆಯನಿಗೆ ಸೇರಿದ್ದು’ ಎಂಬ ಅರ್ಥದ ‘ಕ್ಯುರಿಯಕೋನ್’ ಎಂಬ ಗ್ರೀಕ್ ಪದವೆಂದು ನಿಘಂಟುಗಳು ಹೇಳುತ್ತವೆ.

ನನಗೆ ಅರ್ಥವಾಗದಿರುವುದು ಇಷ್ಟು. ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಸಮುದಾಯಕ್ಕೆ ಬಳಕೆಯಾಗಿರುವ ಗ್ರೀಕ್ ಪದ ‘ಎಕ್ಲೇಸಿಯ’. ರೋಮಿನ ಲ್ಯಾಟಿನ್ ಕ್ರೈಸ್ತರೂ ಅದನ್ನೇ ಎರವಲು ಪಡೆದರು, ಫ್ರೆಂಚರ ‘ಎಗ್ಲೀಸ್’ ಮತ್ತು ಸ್ಪೇನಿನವರ ‘ಇಗ್ಲೇಸಿಯ’ ಅದರಿಂದಲೇ ಹುಟ್ಟಿದವು. ಡಚ್ ನಾಡಿಗೆ ಧರ್ಮವನ್ನು ತಂದವರು ಲ್ಯಾಟಿನ್ ಬಲ್ಲ ಪಾದ್ರಿಗಳು. ಹೀಗಿರುವಾಗ ಆ ಪಾದ್ರಿಗಳೂ ಬಳಸದ, ಇಂದಿನ ಗ್ರೀಕರೂ ಆ ಅರ್ಥದಲ್ಲಿ ಬಳಸದ ಪದವೊಂದು ರೈನ್ ನದಿಯ ಮುಖಜ ಭೂಮಿಗೆ ಹೇಗೆ ತಲುಪಿತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಮೇಷ್ಟ್ರು:

ಪದಸಂಚಾರಿಯವರೇ, ತಮ್ಮ ಪ್ರಶ್ನೆ ಸರಿಯಾದ ಜಾಗದಲ್ಲಿಯೇ ಕೈಯಿಟ್ಟಿದೆ. ಪದದ ಮೂಲದ ಬಗ್ಗೆ ಇಂದು ವಿದ್ವಾಂಸರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ, ಜಗಳವೇನಿದ್ದರೂ ಅದು ನಡೆದುಬಂದ ದಾರಿಯದು.

ಮೊದಲು ಗ್ರೀಕ್ ಭಾಷೆಯೊಳಗಿನ ಸಂಗತಿಯನ್ನು ನೋಡೋಣ. ‘ಕ್ಯುರಿಯೋಸ್’ ಎಂದರೆ ಒಡೆಯ, ‘ಕ್ಯುರಿಯಕೋಸ್’ ಅದರಿಂದಾದ ವಿಶೇಷಣ. ಹೊಸ ಒಡಂಬಡಿಕೆಯಲ್ಲಿ ಈ ವಿಶೇಷಣ ಎರಡೇ ಎರಡು ಕಡೆ ಬರುತ್ತದೆ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ‘ಒಡೆಯನ ಭೋಜನ’ ಎಂದೂ ಪ್ರಕಟಣೆ ಗ್ರಂಥದ 1ನೆಯ ಅಧ್ಯಾಯದಲ್ಲಿ ‘ಒಡೆಯನ ದಿನ’ ಎಂದೂ ಬಂದಿದೆ. ಎರಡೂ ಕಡೆ ಕಟ್ಟಡದ ಮಾತಿಲ್ಲ, ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಆಗಿನ ಕ್ರೈಸ್ತರು ಒಬ್ಬರಿನ್ನೊಬ್ಬರ ಮನೆಗಳಲ್ಲಿ ಸೇರುತ್ತಿದ್ದರು. ನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಪೂರ್ವ ಪ್ರಾಂತ್ಯಗಳ ಚಕ್ರವರ್ತಿ ಮ್ಯಾಕ್ಸಿಮಿನಸ್ 313ರಲ್ಲಿ ಹೊರಡಿಸಿದ ಆಜ್ಞೆಯನ್ನು ಕ್ರೈಸ್ತ ಇತಿಹಾಸಕಾರ ಯೂಸೆಬಿಯಸ್ ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ, ಅದರಲ್ಲಿ ಕ್ರೈಸ್ತರು ತಮ್ಮ ‘ಕ್ಯುರಿಯಕ’ಗಳನ್ನು ಕಟ್ಟಿಕೊಳ್ಳಬಹುದೆಂಬ ಅನುಮತಿ ಇದೆ. 314ರ ಅಂಕಿರಾ ಸಭೆಯ, ಎಂದರೆ ಇಂದಿನ ಅಂಕಾರದಲ್ಲಿ ನಡೆದ ಸಭೆಯ, 15ನೆಯ ನಿಯಮದಲ್ಲಿಯೂ ‘ಕ್ಯುರಿಯಕೋನ್’ಗೆ ಸೇರಿದ ಆಸ್ತಿಯ ಪ್ರಸ್ತಾಪವಿದೆ. ಅಂದರೆ ಕ್ರೈಸ್ತರು ಬಹಿರಂಗವಾಗಿ ಕಟ್ಟಡಗಳನ್ನು ಎಬ್ಬಿಸತೊಡಗಿದ ಆ ದಶಕಗಳಲ್ಲಿ ಆ ಕಟ್ಟಡಕ್ಕೆ ಜನ ಕೊಟ್ಟ ಹೆಸರು ಇದು. ಕಾಲಕ್ರಮದಲ್ಲಿ ‘ಎಕ್ಲೇಸಿಯ’ವೇ ಕಟ್ಟಡಕ್ಕೂ ಅಂಟಿಕೊಂಡು ಈ ಪದವನ್ನು ಹಿಂದೆ ಸರಿಸಿತು. ಇಂದಿನ ಗ್ರೀಕ್ ಭಾಷೆಯಲ್ಲಿ ಇದರ ಸ್ತ್ರೀಲಿಂಗ ರೂಪವಾದ ‘ಕಿರಿಯಕಿ’ ಎಂದರೆ ಭಾನುವಾರ.

ಹೀಗೆ ಚಲಾವಣೆಯ ಅವಧಿ ಕಿರಿದಾಗಿರುವುದೇ ನಮಗೆ ಸಿಕ್ಕಿರುವ ಅತ್ಯುತ್ತಮ ಸುಳಿವು. ಗ್ರೀಕ್ ಕ್ರೈಸ್ತರ ಬಾಯಲ್ಲಿ ಪದ ಜೀವಂತವಾಗಿದ್ದಾಗಲೇ ಜರ್ಮಾನಿಕ್ ಜನ, ಎಂದರೆ ಡಚ್, ಜರ್ಮನ್, ಇಂಗ್ಲಿಷ್ ಭಾಷಿಕರ ಪೂರ್ವಿಕರು, ಅದನ್ನು ಎತ್ತಿಕೊಂಡಿರಬೇಕು, ಅಂದರೆ ನಾಲ್ಕನೆಯ ಶತಮಾನದಲ್ಲಿ ಅಥವಾ ಅದರ ಸ್ವಲ್ಪ ನಂತರ. ಆಗ ಡಚ್ಚರ ಪೂರ್ವಿಕರಾದ ಫ್ರಾಂಕರು ಕ್ರೈಸ್ತರಾಗಿರಲಿಲ್ಲ, ಅವರ ದೊರೆ ಕ್ಲೋವಿಸ್ ದೀಕ್ಷೆ ಪಡೆದದ್ದು ಐದನೆಯ ಶತಮಾನ ಮುಗಿಯುವ ಹೊತ್ತಿನಲ್ಲಿ. ಪದ ಧರ್ಮಕ್ಕಿಂತ ಮೊದಲೇ ಬಂದಿತು ಎಂಬುದು ನನ್ನ ಅಭಿಪ್ರಾಯದ ಸಾರ. ‘ಎಕ್ಲೇಸಿಯ’ ಎಂದರೆ ಕೂಡಿದ ಜನ. ಹೊರಗಿನವನಿಗೆ ಆ ಕೂಟದ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಗಡಿಯಾಚೆಯ ಪಟ್ಟಣದಲ್ಲಿ ಎದ್ದುನಿಂತ ಹೊಸ ಬಗೆಯ ಕಟ್ಟಡ ಅವನ ಕಣ್ಣಿಗೆ ಬೀಳುತ್ತದೆ, ಅದರೊಳಗಿನ ಬೆಳ್ಳಿಯ ಪಾತ್ರೆಗಳೂ ಬೀಳುತ್ತವೆ, ಅದಕ್ಕೆ ಒಂದು ಹೆಸರು ಬೇಕಾಗುತ್ತದೆ.

ಸಂದೇಹಿ:

ಮೇಷ್ಟ್ರಿಗೆ ನಮಸ್ಕಾರ. ತಮ್ಮ ವಾದ ಆಕರ್ಷಕವಾಗಿದೆ ಎಂದು ಒಪ್ಪಿಕೊಂಡೇ ಮೂರು ತಕರಾರುಗಳನ್ನು ಮುಂದಿಡುತ್ತೇನೆ. ಒಂದನೆಯದಾಗಿ, ಅಂಕಾರಕ್ಕೂ ರೈನ್ ನದಿಗೂ ಇರುವ ದೂರವನ್ನು ತಾವು ಒಂದೇ ಜಿಗಿತದಲ್ಲಿ ದಾಟಿಬಿಟ್ಟಿದ್ದೀರಿ, ಪಶ್ಚಿಮದಲ್ಲಿ ಗ್ರೀಕ್ ಮಾತನಾಡುವವರು ಇದ್ದರೇ? ಎರಡನೆಯದಾಗಿ, ಗೋಥರು ನಾಲ್ಕನೆಯ ಶತಮಾನದಲ್ಲಿಯೇ ಕ್ರೈಸ್ತರಾಗಿದ್ದರು, ಗ್ರೀಕರ ನೆರೆಯಲ್ಲಿದ್ದರು, ಅವರದು ಜರ್ಮಾನಿಕ್ ಭಾಷೆ. ಅವರೇ ಡ್ಯಾನ್ಯೂಬ್ ನದಿಯ ದಾರಿಯಲ್ಲಿ ಪದವನ್ನು ಜರ್ಮನರಿಗೆ ದಾಟಿಸಿದರೆಂಬ ಹಳೆಯ ವಾದವನ್ನು ತಾವು ಹೆಸರಿಸಲೂ ಇಲ್ಲ. ಮೂರನೆಯದಾಗಿ, ವೃತ್ತ ಎಂಬ ಅರ್ಥದ ಲ್ಯಾಟಿನ್ ‘ಕಿರ್ಕುಸ್’ ಪದದಿಂದಲೇ ‘ಕೆರ್ಕ್’ ಬಂದಿತೆಂದು ಹಿಂದಿನ ಕೆಲವರು ಹೇಳಿದ್ದುಂಟು. ನೆರೆಮನೆಯಂತಿದ್ದ ಲ್ಯಾಟಿನ್ನನ್ನು ಬಿಟ್ಟು ಗ್ರೀಸಿನವರೆಗೆ ಹೋಗುವ ಅಗತ್ಯವೇನು?

ನಿವೃತ್ತ ಮೇಷ್ಟ್ರು:

ಮೂರನೆಯದನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಹೆಚ್ಚು ಮಾತು ಬೇಕಿಲ್ಲ. ಹಳೆಯ ಸ್ಯಾಕ್ಸನ್ ಭಾಷೆಯ ರೂಪ ‘ಕಿರಿಕ’, ಹಳೆಯ ಹೈ ಜರ್ಮನ್ ರೂಪ ‘ಕಿರಿಹ’. ಮೂರು ಅಕ್ಷರಗಳ ಈ ಪದದ ನಡುವಿನ ‘ಇ’ಕಾರ ‘ಕಿರ್ಕುಸ್’ನಿಂದ ಹುಟ್ಟುವುದಿಲ್ಲ. ಆ ಕಾಲದ ಕಟ್ಟಡಗಳಲ್ಲಿ ಹೆಚ್ಚಿನವು ಉದ್ದನೆಯ ಆಯತಾಕಾರದವು, ದುಂಡಗಿನವಲ್ಲ. ಈ ವ್ಯುತ್ಪತ್ತಿಯನ್ನು ಇಂದು ಯಾರೂ ಗಂಭೀರವಾಗಿ ಎತ್ತಿಕೊಳ್ಳುವುದಿಲ್ಲ.

ಪಶ್ಚಿಮದಲ್ಲಿ ಗ್ರೀಕರು ಇದ್ದರೇ ಎಂದರೆ, ಧಾರಾಳವಾಗಿ ಇದ್ದರು. ರೋಣ್ ನದಿಯ ದಂಡೆಯ ಲಿಯೋನ್‌ನಲ್ಲಿ ಎರಡನೆಯ ಶತಮಾನದ ಕೊನೆಯಲ್ಲಿ ಬಿಷಪ್ಪರಾಗಿದ್ದ ಇರೇನಿಯಸ್ ಏಷ್ಯಾ ಮೈನರಿನವರು, ಬರೆದದ್ದು ಗ್ರೀಕಿನಲ್ಲಿ. ಅಲ್ಲಿಂದ ಉತ್ತರಕ್ಕೆ ಮೊಸೆಲ್ ನದಿಯ ಮೇಲಿರುವ ಟ್ರಿಯರ್ ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿಗಳ ವಾಸಸ್ಥಾನವಾಗಿತ್ತು. ಕಾನ್‌ಸ್ಟಂಟೈನ್ ಅಲ್ಲಿ ವಾಸಿಸಿದ್ದ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಗಡೀಪಾರಾದಾಗ ಬಂದದ್ದೂ ಅಲ್ಲಿಗೆ. ಆಸ್ಥಾನವಿದ್ದಲ್ಲಿ ಪೂರ್ವದಿಂದ ಬಂದ ಅಧಿಕಾರಿಗಳು, ವರ್ತಕರು, ಶಿಲ್ಪಿಗಳು ಇರುತ್ತಾರೆ. ಅದೇ ಪಟ್ಟಣದ ಆಸುಪಾಸಿನಲ್ಲಿ ರೋಮನ್ ಸೈನ್ಯದ ಕೂಲಿಗೆ ಬಂದ ಫ್ರಾಂಕರು ದೊಡ್ಡ ಸಂಖ್ಯೆಯಲ್ಲಿದ್ದರು. ಅಲ್ಲಿಂದ ಮೊಸೆಲ್ ಮತ್ತು ರೈನ್ ನದಿಗಳ ನೀರಿನ ಜೊತೆಗೇ ಇಳಿದರೆ ಕಲೋನ್, ಆಮೇಲೆ ಡಚ್ ನಾಡು. ಇನ್ನೊಂದನ್ನೂ ಗಮನಿಸಬೇಕು: ಲ್ಯಾಟಿನ್ ಕ್ರೈಸ್ತರೂ ಇದೇ ಅಚ್ಚಿನಲ್ಲಿ, ಒಡೆಯನಿಗೆ ಸೇರಿದ್ದು ಎಂಬರ್ಥದ ‘ದೋಮಿನಿಕುಂ’ ಎಂಬ ಪದವನ್ನು ಮಂದಿರಕ್ಕೆ ಬಳಸಿದ್ದರು. ಐರ್ಲೆಂಡಿನ ‘ಡೊನಕ್‌ಮೋರ್’ ಎಂಬ ಊರ ಹೆಸರುಗಳಲ್ಲಿ ಅದರ ಕುರುಹು ಉಳಿದಿದೆ.

ಗೋಥಿಕ್ ದಾರಿಯ ಬಗ್ಗೆ ನನಗಿರುವ ಆಕ್ಷೇಪಣೆ ಗಟ್ಟಿಯಾದದ್ದು. ವುಲ್ಫಿಲ ನಾಲ್ಕನೆಯ ಶತಮಾನದಲ್ಲಿ ಗೋಥಿಕ್ ಭಾಷೆಗೆ ಬೈಬಲನ್ನು ಅನುವಾದಿಸಿದಾಗ ‘ಎಕ್ಲೇಸಿಯ’ವನ್ನೇ ಕೊಂಚ ತಿರುಚಿ ‘ಐಕ್ಲೇಸ್ಯೋ’ ಎಂದು ಉಳಿಸಿಕೊಂಡ, ದೇವಾಲಯಕ್ಕೆ ‘ಗುಡ್‌ಹೂಸ್’, ಅಂದರೆ ದೇವರ ಮನೆ, ಎಂದ. ‘ಕಿರಿಕ’ದಂಥ ಪದ ನಮಗೆ ಉಳಿದಿರುವ ಗೋಥಿಕ್ ಬರಹಗಳಲ್ಲಿ ಎಲ್ಲಿಯೂ ಇಲ್ಲ. ದಕ್ಷಿಣ ಜರ್ಮನಿಯ ಬವೇರಿಯದ ಕೆಲವು ವಾರದ ಹೆಸರುಗಳನ್ನು ವಿವರಿಸಲು ಗೋಥರ ನೆರವು ಬೇಕಾಗಬಹುದು, ಆದರೆ ಆ ಹೆಸರುಗಳು ಡಚ್ ನಾಡಿನವರೆಗೆ ಇಳಿದೇ ಇಲ್ಲ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಇಂಗ್ಲೆಂಡಿನದು. ಆಂಗ್ಲರೂ ಸ್ಯಾಕ್ಸನ್ನರೂ ಐದನೆಯ ಶತಮಾನದಲ್ಲಿ ಸಮುದ್ರ ದಾಟಿದರು. ರೋಮಿನಿಂದ ಅಗಸ್ಟಿನ್ ಎಂಬ ಪಾದ್ರಿ ಬಂದದ್ದು 597ರಲ್ಲಿ, ಅವನ ಬಾಯಲ್ಲಿದ್ದ ಪದ ‘ಎಕ್ಲೇಸಿಯ’. ಇಂಗ್ಲಿಷರ ನೆರೆಯಲ್ಲಿದ್ದ, ದ್ವೀಪದ ಹಳೆಯ ನಿವಾಸಿಗಳಾದ ಬ್ರಿಟನ್ನರು ಆಗಲೇ ಕ್ರೈಸ್ತರಾಗಿದ್ದು ಅದೇ ಪದದಿಂದ ಬಂದ ರೂಪವನ್ನು ಬಳಸುತ್ತಿದ್ದರು, ವೆಲ್ಷ್ ಭಾಷೆಯಲ್ಲಿ ಅದು ಇಂದಿಗೂ ‘ಎಗ್ಲೂಯಿಸ್’, ಇಂಗ್ಲೆಂಡಿನಲ್ಲಿ ‘ಎಕಲ್ಸ್’ ಎಂಬ ಊರುಗಳೂ ಇವೆ. ಎರಡೂ ಕಡೆಯಿಂದ ಒತ್ತಡವಿದ್ದರೂ ಇಂಗ್ಲಿಷರು ಬಳಸಿದ್ದು ‘ಚಿರಿಚೆ’ಯನ್ನು. ಬರುವಾಗಲೇ ಆ ಪದ ಅವರ ಬಳಿ ಇತ್ತು ಎಂದು ತಿಳಿಯದೆ ಇದನ್ನು ವಿವರಿಸುವುದು ಕಷ್ಟ.

ಉತ್ತರದ ಕನ್ನಡತಿ:

ಮೇಷ್ಟ್ರೇ, ನಾನು ನೆದರ್‌ಲ್ಯಾಂಡ್ಸ್‌ನ ಉತ್ತರದ ಫ್ರೀಸ್‌ಲಾಂಡ್ ಪ್ರಾಂತ್ಯದಲ್ಲಿದ್ದೇನೆ. ಇಲ್ಲಿನವರು ಡಚ್ ಜೊತೆಗೆ ಫ್ರಿಸಿಯನ್ ಎಂಬ ತಮ್ಮದೇ ಭಾಷೆಯನ್ನು ಆಡುತ್ತಾರೆ, ಅದರಲ್ಲಿ ಈ ಪದ ‘ತ್ಸ್ಯೆರ್ಕೆ’. ಡಚ್ಚರು ‘ಊನ್‌ಕೆರ್ಕ್’ ಎನ್ನುವ ಊರಿನ ಫಲಕದಲ್ಲಿ ಇಲ್ಲಿ ‘ಊನ್‌ತ್ಸ್ಯೆರ್ಕ್’ ಎಂದಿರುತ್ತದೆ. ಒಂದೇ ದೇಶದೊಳಗೆ ಒಂದು ಕಡೆ ‘ಕ’ಕಾರ, ಇನ್ನೊಂದು ಕಡೆ ಇಂಗ್ಲಿಷಿಗೆ ಹತ್ತಿರವಾದ ‘ಚ’ಕಾರದಂಥ ಧ್ವನಿ. ಇದು ಬೇರೆ ಬೇರೆ ಕಡೆಯಿಂದ ಬಂದ ಎರಡು ಪದಗಳೇ, ಅಥವಾ ಒಂದೇ ಪದ ಹಾದಿ ಕವಲೊಡೆದದ್ದೇ? ಈ ನಾಡಿಗೆ ಧರ್ಮಪ್ರಚಾರಕ್ಕೆ 690ರಲ್ಲಿ ಬಂದ ವಿಲಿಬ್ರೋರ್ಡ್ ಇಂಗ್ಲೆಂಡಿನ ನಾರ್ತಂಬ್ರಿಯದವನಾದ್ದರಿಂದ ಅವನೇ ಆ ‘ಚ’ಕಾರವನ್ನು ತಂದನೆಂದು ಇಲ್ಲಿನ ಪರಿಚಿತರೊಬ್ಬರು ವಾದಿಸುತ್ತಾರೆ.

ನಿವೃತ್ತ ಮೇಷ್ಟ್ರು:

ತಾಯಿ, ತಾವು ಕೊಟ್ಟ ಉದಾಹರಣೆ ಈ ಚರ್ಚೆಗೆ ಅತ್ಯಂತ ಬೆಲೆಯುಳ್ಳದ್ದು. ವಿಲಿಬ್ರೋರ್ಡನನ್ನು ಕರೆತರುವ ಅಗತ್ಯವಿಲ್ಲ. ಲ್ಯಾಟಿನ್ ‘ಕಾಸೆಯುಸ್’ನಿಂದ ಬಂದ ಗಿಣ್ಣಿನ ಹೆಸರನ್ನು ನೋಡಿ: ಡಚ್ಚಿನಲ್ಲಿ ‘ಕಾಸ್’, ಫ್ರಿಸಿಯನ್ನಿನಲ್ಲಿ ‘ತ್ಸೀಸ್’, ಇಂಗ್ಲಿಷಿನಲ್ಲಿ ‘ಚೀಸ್’. ಗಿಣ್ಣಿನ ಹೆಸರನ್ನು ಯಾವ ಪಾದ್ರಿಯೂ ಬೋಧಿಸಲಿಲ್ಲ. ಇಂಗ್ಲಿಷ್ ಮತ್ತು ಫ್ರಿಸಿಯನ್ ಭಾಷೆಗಳಲ್ಲಿ ‘ಇ’, ‘ಎ’ಯಂಥ ಮುಂಬದಿಯ ಸ್ವರಗಳ ಹಿಂದಿನ ‘ಕ’ಕಾರ ನಿಯಮಬದ್ಧವಾಗಿ ಬದಲಾಯಿತು, ಡಚ್ಚಿನಲ್ಲಿ ಹಾಗೆಯೇ ನಿಂತಿತು.

ಕನ್ನಡಿಗರಿಗೆ ಇದು ಹೊಸತಲ್ಲ. ನಾವು ‘ಕಿವಿ’ ಎಂದರೆ ತಮಿಳರು ‘ಚೆವಿ’ ಎನ್ನುತ್ತಾರೆ, ನಮ್ಮ ‘ಕೇರಿ’ ಅವರಿಗೆ ‘ಚೇರಿ’, ಹಳಗನ್ನಡದ ‘ಕೆಯ್’ ಅವರಲ್ಲಿ ‘ಚೆಯ್’. ಮೂಲ ದ್ರಾವಿಡದ ‘ಕ’ಕಾರವನ್ನು ಕನ್ನಡ ಉಳಿಸಿಕೊಂಡಿತು, ತಮಿಳು ಮುಂಬದಿಯ ಸ್ವರದೆದುರು ಅದನ್ನು ‘ಚ’ಕಾರವಾಗಿಸಿತು. ‘ಕೆರ್ಕ್’ ಮತ್ತು ‘ತ್ಸ್ಯೆರ್ಕೆ’ಗಳ ಸಂಬಂಧ ಅಕ್ಷರಶಃ ಅದೇ ಬಗೆಯದು. ಇದರಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ: ಈ ಧ್ವನಿ ಬದಲಾವಣೆ ನಡೆಯುವ ಮೊದಲೇ ಪದ ಆ ಭಾಷೆಗಳೊಳಗೆ ಇದ್ದಿತು. ತಡವಾಗಿ ಬಂದಿದ್ದರೆ ಅದು ಬದಲಾವಣೆಯ ಪಾಲಾಗದೆ ‘ಕ’ಕಾರದಲ್ಲಿಯೇ ಉಳಿಯುತ್ತಿತ್ತು.

ಉಳಿದ ಹೆಜ್ಜೆಗಳನ್ನು ಬೇಗ ಹೇಳುತ್ತೇನೆ. ಗ್ರೀಕರ ಆಡುಮಾತಿನಲ್ಲಿ ‘ಕ್ಯುರಿಯಕೋನ್’ ಸವೆದು ‘ಕ್ಯುರಿಕೋನ್’ ಆಯಿತು, ಬಹುವಚನದ ಕೊನೆಯ ‘ಅ’ಕಾರವನ್ನು ಕೇಳಿದವರು ಅದನ್ನು ಸ್ತ್ರೀಲಿಂಗ ಏಕವಚನವೆಂದು ತಿಳಿದಿರಬಹುದು, ಏಕೆಂದರೆ ಜರ್ಮಾನಿಕ್ ಭಾಷೆಗಳಲ್ಲಿ ಈ ಪದ ಸ್ತ್ರೀಲಿಂಗ. ‘ಕಿರಿಕ’ದ ನಡುವಿನ ಸ್ವರ ಬಿದ್ದು, ರೇಫದ ಹಿಂದಿನ ‘ಇ’ಕಾರ ‘ಎ’ಕಾರವಾಗಿ, ಮಧ್ಯಕಾಲದ ಡಚ್ಚಿನಲ್ಲಿ ‘ಕೆರ್ಕೆ’ ಎಂದಾಯಿತು. ಕೊನೆಯ ‘ಎ’ಕಾರವೂ ಉದುರಿ ಈಗಿನ ರೂಪ ಉಳಿಯಿತು. ಇಂದು ಫ್ರಾನ್ಸಿನಲ್ಲಿರುವ ಡಂಕರ್ಕ್ ಪಟ್ಟಣ ಮೂಲತಃ ಡಚ್ ಮಾತಿನ ‘ದೌನ್‌ಕೆರ್ಕೆ’, ಮರಳದಿಬ್ಬಗಳ ನಡುವಿನ ಮಂದಿರ. 1067ರ ದಾಖಲೆಯೊಂದರಲ್ಲಿ ಆ ಹೆಸರು ಕಾಣುತ್ತದೆ.

ವೇದಾಭಿಮಾನಿ:

ಇಷ್ಟೆಲ್ಲ ಸುತ್ತುವ ಬದಲು ಗ್ರೀಕ್ ‘ಕ್ಯುರಿಯೋಸ್’ ನಮ್ಮ ಸಂಸ್ಕೃತದ ‘ಸುರ’ ಪದದಿಂದಲೇ ಹೋಗಿದೆ ಎಂದು ನೇರವಾಗಿ ಹೇಳಬಾರದೇಕೆ? ಸುರ ಎಂದರೆ ದೇವತೆ, ಅವರದೂ ದೇವರ ಮನೆಯೇ. ಅಲ್ಲಿಗೆ ಡಚ್ಚರ ಮಂದಿರದ ಹೆಸರು ಭಾರತದ್ದೇ ಆಯಿತು.

ನಿವೃತ್ತ ಮೇಷ್ಟ್ರು:

ಮಾನ್ಯರೇ, ಸಂಸ್ಕೃತದೊಂದಿಗೆ ನಂಟು ಇರುವುದು ನಿಜ, ಆದರೆ ತಾವು ಹಿಡಿದಿರುವ ಪದ ಬೇರೆ, ನಂಟಿನ ಬಗೆಯೂ ಬೇರೆ. ‘ಕ್ಯುರಿಯೋಸ್’ ಪದ ಅಧಿಕಾರ ಎಂಬರ್ಥದ ‘ಕ್ಯೂರೋಸ್’ನಿಂದ ಬಂದದ್ದು. ಅದರ ಸಂಸ್ಕೃತ ಜ್ಞಾತಿ ‘ಶೂರ’. ಗ್ರೀಕ್ ‘ದೆಕ’ ಸಂಸ್ಕೃತದಲ್ಲಿ ‘ದಶ’ ಆಗುವಂತೆ, ಲ್ಯಾಟಿನ್ ‘ಕೆಂತುಂ’ ಸಂಸ್ಕೃತದಲ್ಲಿ ‘ಶತ’ ಆಗುವಂತೆ, ಅಲ್ಲಿನ ‘ಕ’ಕಾರಕ್ಕೆ ಇಲ್ಲಿ ತಾಲವ್ಯ ‘ಶ’ಕಾರ ಬರುತ್ತದೆ. ದಂತ್ಯ ‘ಸ’ಕಾರದ ‘ಸುರ’ ಈ ಲೆಕ್ಕದೊಳಗೆ ಕೂರುವುದಿಲ್ಲ. ಅವೆಸ್ತಾ ಭಾಷೆಯಲ್ಲಿ ಜಲದೇವತೆ ಅನಾಹಿತಳಿಗಿರುವ ‘ಸೂರಾ’ ಎಂಬ ಬಿರುದು ಸಹ ‘ಶೂರ’ದ ಬಳಗದ್ದೇ, ಇರಾನಿ ಭಾಷೆಗಳಲ್ಲಿ ಆ ಧ್ವನಿ ‘ಸ’ಕಾರವಾಯಿತು. ಉಬ್ಬು, ಬಲಗೊಳ್ಳು ಎಂಬರ್ಥದ ಮೂಲ ಧಾತುವೊಂದರಿಂದ ಗ್ರೀಕರು ಒಡೆತನಕ್ಕೂ ಆರ್ಯಭಾಷಿಕರು ಪರಾಕ್ರಮಕ್ಕೂ ಪದ ಮಾಡಿಕೊಂಡರು. ಯಾರೂ ಯಾರಿಂದಲೂ ಸಾಲ ಪಡೆಯಲಿಲ್ಲ, ಇಬ್ಬರೂ ಒಂದೇ ಮನೆಯಿಂದ ಪಾಲು ತೆಗೆದುಕೊಂಡರು. ಹಾಗೆ ನೋಡಿದರೆ ನಾವು ‘ಶೂರ’ ಎನ್ನುವಾಗ ‘ಕೆರ್ಕ್’ನ ದೂರದ ದಾಯಾದಿಯನ್ನು ಉಚ್ಚರಿಸುತ್ತಿರುತ್ತೇವೆ, ಆದರೆ ಅದರಿಂದ ಡಚ್ ಪದ ಭಾರತದ್ದಾಗುವುದಿಲ್ಲ.

ಕಡಲತಡಿ:

ಮಂಗಳೂರಿನ ಕಡೆಯಿಂದ ನನ್ನದೂ ಒಂದು ಮಾತು. ನಮ್ಮ ಕೊಂಕಣಿ ಕ್ರೈಸ್ತರು ಮಂದಿರವನ್ನು ‘ಇಗರ್ಜಿ’ ಎನ್ನುತ್ತಾರೆ. ಅದು ಪೋರ್ಚುಗೀಸರ ‘ಇಗ್ರೇಜ’ದಿಂದ ಬಂದ ಪದ, ಅಂದರೆ ‘ಎಕ್ಲೇಸಿಯ’ದ ಮೊಮ್ಮಗಳು. ಅದೇ ಊರಿನಲ್ಲಿ ಇಂಗ್ಲಿಷಿನ ಮೂಲಕ ಬಂದ ‘ಚರ್ಚ್’ ಕೂಡ ಇರುವುದರಿಂದ ಗ್ರೀಕರ ಎರಡು ಪ್ರತಿಸ್ಪರ್ಧಿ ಪದಗಳೂ ಕರಾವಳಿಯಲ್ಲಿ ಅಕ್ಕಪಕ್ಕ ಬದುಕಿವೆ. ಇನ್ನು ಕನ್ನಡ ಬೈಬಲ್ಲಿನಲ್ಲಿ ‘ಎಕ್ಲೇಸಿಯ’ಕ್ಕೆ ‘ಸಭೆ’ ಎಂದು ಅನುವಾದವಿದೆ, ಕಟ್ಟಡಕ್ಕೆ ಹಲವರು ‘ದೇವಾಲಯ’ ಎನ್ನುತ್ತಾರೆ. ಜನಕ್ಕೊಂದು, ಕಟ್ಟಡಕ್ಕೊಂದು ಪದವಿರುವ ಈ ವ್ಯವಸ್ಥೆ ಡಚ್ಚರಲ್ಲಿಲ್ಲವೇ?

ಪದಸಂಚಾರಿ:

ಮೇಷ್ಟ್ರ ವಿವರಣೆಯಿಂದ ನನ್ನ ಮೂಲ ಪ್ರಶ್ನೆಗೆ ಉತ್ತರ ದೊರೆತಿದೆ. ಕಡಲತಡಿಯವರ ಪ್ರಶ್ನೆಗೆ ನಾನು ಓದಿ ತಿಳಿದುದನ್ನು ಹೇಳಬಲ್ಲೆ. ಡೋರ್ಡ್ರೆಕ್ಟ್‌ನಲ್ಲಿ 1618-19ರಲ್ಲಿ ಸೇರಿದ ಧರ್ಮಸಭೆಯ ನಿರ್ಣಯದಂತೆ ಸಿದ್ಧವಾಗಿ 1637ರಲ್ಲಿ ಅಚ್ಚಾದ ಅಧಿಕೃತ ಡಚ್ ಬೈಬಲ್ಲಿನಲ್ಲಿ ‘ಎಕ್ಲೇಸಿಯ’ಕ್ಕೆ ‘ಹಮೇಂಟೆ’ ಎಂಬ ಪದವಿದೆ, ಅದರ ಅರ್ಥ ಸಮುದಾಯ ಎಂದು. ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂಬ ಮತ್ತಾಯನ ಸುವಾರ್ತೆಯ ವಾಕ್ಯದಲ್ಲಿಯೂ ಅವರು ‘ಕೆರ್ಕ್’ ಎನ್ನಲಿಲ್ಲ, ‘ಹಮೇಂಟೆ’ ಎಂದರು. ಕುತೂಹಲದ ಸಂಗತಿಯೆಂದರೆ ಅದೇ ‘ಹಮೇಂಟೆ’ ಇಂದು ಇಲ್ಲಿ ಪುರಸಭೆಯ ಹೆಸರು. ವಿಳಾಸ ನೋಂದಾಯಿಸಲು, ಕಸದ ತೆರಿಗೆ ಕಟ್ಟಲು ನಾವು ಹೋಗುವುದು ಅಲ್ಲಿಗೆ.

ಸಂದೇಹಿ:

ಹಾಗಾದರೆ ಅನುವಾದಕರಿಗೇ ‘ಕೆರ್ಕ್’ ಎಂದರೆ ಕಲ್ಲುಮಣ್ಣಿನ ಕಟ್ಟಡ ಎಂಬ ಅಳುಕು ಇತ್ತು ಎಂದಾಯಿತು. ಮೇಷ್ಟ್ರ ಕಟ್ಟಡದ ವಾದಕ್ಕೆ ಇದು ಪುಷ್ಟಿ ನೀಡುತ್ತದೆ, ನಾನು ಎರಡನೆಯ ತಕರಾರನ್ನೂ ಹಿಂತೆಗೆದುಕೊಳ್ಳುತ್ತೇನೆ. ಆದರೆ ಟ್ರಿಯರ್‌ನಲ್ಲಿ ‘ಕ್ಯುರಿಯಕೋನ್’ ಎಂದು ಕೆತ್ತಿದ ಒಂದು ಕಲ್ಲನ್ನು ಯಾರಾದರೂ ತೋರಿಸುವವರೆಗೆ ನಿಖರವಾದ ಊರನ್ನು ಒಪ್ಪಲಾರೆ. ರೈನ್ ಸೀಮೆ ಎಂಬಷ್ಟಕ್ಕೆ ನನ್ನ ಸಮ್ಮತಿ.

ನಿವೃತ್ತ ಮೇಷ್ಟ್ರು:

ಸಂದೇಹಿಯವರೇ, ಅಷ್ಟು ಸಮ್ಮತಿಯೇ ಸಾಕು, ಊರಿಗಾಗಿ ನಾನು ಹಟ ಹಿಡಿಯುವುದಿಲ್ಲ. ಅನುವಾದಕರ ಅಳುಕಿನ ಬಗ್ಗೆ ಮಾತ್ರ ಒಂದು ತಿದ್ದುಪಡಿ. ಆ ಬೈಬಲ್ಲನ್ನು ಸಿದ್ಧಪಡಿಸಿದ ಸುಧಾರಿತ ಪಂಥದವರೇ, ಎಂದರೆ ಕ್ಯಾಲ್ವಿನ್ನನ ಬೋಧನೆಯ ಪ್ರಾಟೆಸ್ಟೆಂಟರೇ, ತಮ್ಮ 1561ರ ಬೆಲ್ಜಿಕ್ ವಿಶ್ವಾಸಪ್ರಮಾಣದ ಡಚ್ ರೂಪದಲ್ಲಿ ವಿಶ್ವಾಸಿಗಳ ಸಮುದಾಯಕ್ಕೆ ‘ಕೆರ್ಕ್’ ಎಂದೇ ಬರೆದರು. ಹೀಗಾಗಿ ಎರಡೂ ಪದಗಳು ಜೊತೆಯಲ್ಲಿಯೇ ನಡೆದವು. ಅರ್ಥದ ಜಗಳ ಆಮೇಲೂ ನಿಲ್ಲಲಿಲ್ಲ. ಡಚ್ ಧರ್ಮಪಂಡಿತ ಅಬ್ರಹಾಂ ಕೈಪರ್ ಮೊದಲಾದವರು ಆ ಪಂಥದ ಪ್ರಧಾನ ಸಂಸ್ಥೆಯಿಂದ ಸಿಡಿದು ಹೊರಬಂದು, ಹಿಂದೆ ಹೊರಬಂದವರೊಡನೆ 1892ರಲ್ಲಿ ಒಂದಾದಾಗ ತಮ್ಮ ಒಕ್ಕೂಟಕ್ಕೆ ಬಹುವಚನದಲ್ಲಿ ‘ಕೆರ್ಕೆನ್’ ಎಂದೇ ಹೆಸರಿಟ್ಟರು, ಪ್ರತಿ ಊರಿನ ಸಭೆಯೂ ತನ್ನಷ್ಟಕ್ಕೆ ಪೂರ್ಣವಾದ ಕೆರ್ಕ್ ಎಂಬುದು ಅವರ ನಿಲುವು. 2004ರಲ್ಲಿ ಇವರೂ ಹಳೆಯ ಸಂಸ್ಥೆಯೂ ಲೂಥರನ್ನರೂ ಸೇರಿ ಪ್ರಾಟೆಸ್ಟೆಂಟ್ ಕೆರ್ಕ್ ಆದಾಗ ಹೆಸರು ಏಕವಚನಕ್ಕೆ ಮರಳಿತು. ಆ ವಿಲೀನವನ್ನು ಒಪ್ಪದೆ ಹೊರಗುಳಿದ ಸಭೆಗಳೂ ಇವೆ.

ಉತ್ತರದ ಕನ್ನಡತಿ:

ಧರ್ಮದಿಂದ ಪೂರ್ತಿ ಕಳಚಿಕೊಂಡ ಸಂತಾನವೂ ಈ ಪದಕ್ಕಿದೆ. ಬೇಸಿಗೆಯಲ್ಲಿ ಇಲ್ಲಿನ ಊರೂರಿನಲ್ಲಿ ನಡೆಯುವ ಜಾತ್ರೆಗೆ ‘ಕೆರ್ಮಿಸ್’ ಎನ್ನುತ್ತಾರೆ. ಅದು ‘ಕೆರ್ಕ್’ ಮತ್ತು ಪೂಜಾವಿಧಿ ಎಂಬರ್ಥದ ‘ಮಿಸ್’ ಸೇರಿ ಆದ ಸಮಾಸ, ಮಂದಿರದ ಪ್ರತಿಷ್ಠಾಪನೆಯ ವಾರ್ಷಿಕ ಪೂಜೆ. ನಮ್ಮ ತೇರಿನ ದಿನ ಅಂಗಡಿಗಳು ಬಂದು ಕೂರುವಂತೆ ಅಲ್ಲಿಯೂ ಸಂತೆ ಸೇರುತ್ತಿತ್ತು. ಈಗ ಪೂಜೆ ಹೋಗಿದೆ, ತಿರುಗುವ ತೊಟ್ಟಿಲುಗಳೂ ಕರಿದ ತಿಂಡಿಗಳೂ ಉಳಿದಿವೆ.

ಕಡಲತಡಿ:

ಕೊನೆಯದಾಗಿ ಒಂದು ಸಂಗತಿ, ಮೇಷ್ಟ್ರು ಒಪ್ಪುತ್ತಾರೋ ನೋಡೋಣ. ಇಂಡೋನೇಷ್ಯಾವನ್ನು ಡಚ್ಚರು ಅಷ್ಟು ದೀರ್ಘಕಾಲ ಆಳಿದರೂ ಅಲ್ಲಿನವರು ಮಂದಿರಕ್ಕೆ ‘ಗೆರೆಜ’ ಎನ್ನುತ್ತಾರೆ, ನಮ್ಮ ‘ಇಗರ್ಜಿ’ಯ ಹಾಗೆ ಅದೂ ಪೋರ್ಚುಗೀಸರ ಕೊಡುಗೆ. ಮೊದಲು ಬಂದವರ ಪದವೇ ಬೇರೂರಿತು.

ನಿವೃತ್ತ ಮೇಷ್ಟ್ರು:

ಒಪ್ಪದೆ ಏನು ಮಾಡಲಿ, ಮೊದಲು ಕಿವಿಗೆ ಬಿದ್ದ ಪದವನ್ನು ಆಮೇಲಿನ ಪಾದ್ರಿಗಳು ಕದಲಿಸಲಾರರು ಎಂದು ರೈನ್ ಸೀಮೆಯ ಬಗ್ಗೆ ನಾನು ಹೇಳುತ್ತಿದ್ದುದೂ ಅದನ್ನೇ. ಸ್ಪರ್ಧೆಯಿಲ್ಲದ ಕಡೆ ಡಚ್ ಪದ ಗೆದ್ದಿದೆ: ಸುರಿನಾಮಿನ ಸ್ರಾನನ್ ಭಾಷೆಯಲ್ಲಿ ಮಂದಿರ ‘ಕೆರ್ಕಿ’, ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್‌ನಲ್ಲಿ ಬದಲಾವಣೆಯೇ ಇಲ್ಲದೆ ‘ಕೆರ್ಕ್’. ಇಂಡೋನೇಷ್ಯಾದಲ್ಲಿಯೂ ಅದು ಪೂರ್ಣ ಸೋತಿಲ್ಲ. ಮಂದಿರದ ಅಂಗಳದ ಸ್ಮಶಾನಕ್ಕೆ ಡಚ್ಚರು ಹೇಳುವ ‘ಕೆರ್ಕ್‌ಹಾಫ್’ ಎಂಬ ಪದ ‘ಬಂಡಾ ಆಚೆ’ ಎಂಬ ಪಟ್ಟಣದಲ್ಲಿರುವ ಡಚ್ ಸೈನಿಕರ ದೊಡ್ಡ ಸ್ಮಶಾನದ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ.